ಅರ್ಧ ಗಂಟೆ ಒಂದೂ ಇಲ್ಲ, ಆಮೇಲೆ ಮೂರು ಒಟ್ಟಿಗೆ: 500-ಡಿ ಹೀಗ್ಯಾಕೆ?

ಪ್ರಶ್ನೆ: ಬೆಂಗಳೂರಿನ ಹೊರಮಾವಿನಲ್ಲಿ ಮನೆ, ಬೆಳ್ಳಂದೂರಿನಲ್ಲಿ ಆಫೀಸು. ದಿನಾ ಹೆಬ್ಬಾಳದಿಂದ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ಗೆ ಹೋಗುವ 500-ಡಿ ಬಸ್ ಹಿಡಿಯಬೇಕು. ಕೆಲವು ದಿನ ಸ್ಟಾಪಿಗೆ ಬಂದ ಕೂಡಲೇ ಬಸ್ ಸಿಗುತ್ತದೆ. ಕೆಲವು ದಿನ ಅರ್ಧ ಗಂಟೆ ನಿಂತರೂ ಒಂದೂ ಇಲ್ಲ, ಆಮೇಲೆ ಮೂರು ಒಟ್ಟಿಗೆ ಬರುತ್ತವೆ. ಆಪ್‌ನಲ್ಲಿ ನಾಲ್ಕು ನಿಮಿಷ ಅಂತ ತೋರಿಸಿದ ಬಸ್ಸು ಮಾಯವಾಗುತ್ತದೆ. ಹೆಂಗಸರೇ ನಿಂತಿದ್ದರೆ ಕೆಲವರು ನಿಲ್ಲಿಸುವುದೂ ಇಲ್ಲ, ಫ್ರೀ ಟಿಕೆಟ್ ಅಂತಾನಾ? ಒಂಬತ್ತೂವರೆಗೆ ಪಂಚ್ ಮಾಡಬೇಕು. ಎಷ್ಟು ಹೊತ್ತಿಗೆ ಮನೆ ಬಿಟ್ಟರೆ ಸರಿ?

ಉತ್ತರ: ಮೇಡಂ, ಮೊದಲು ಆ ಮೂರು ಬಸ್ಸುಗಳ ವಿಷಯ ಮಾತಾಡೋಣ. ಅದು ಗೊತ್ತಾದರೆ ಉಳಿದ ಪ್ರಶ್ನೆಗಳು ಅರ್ಧ ಬಗೆಹರಿಯುತ್ತವೆ.

ಎಲ್ಲರಿಗೂ ಇರುವ ಅನುಮಾನ ಒಂದೇ. ಡ್ರೈವರ್‌ಗಳು ಹೆಬ್ಬಾಳದಲ್ಲಿ ಟೀ ಕುಡಿಯುತ್ತಾ ಮಾತಾಡಿಕೊಂಡು ಒಟ್ಟಿಗೆ ಹೊರಡುತ್ತಾರೆ ಅಂತ. ಹಾಗೂ ಆಗುವುದುಂಟು, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬೊಬ್ಬ ಡ್ರೈವರೂ ಗಡಿಯಾರ ನೋಡಿಕೊಂಡು ಸರಿಯಾಗಿ ಹತ್ತು ನಿಮಿಷಕ್ಕೊಂದರಂತೆ ಹೊರಟರೂ ಹೊರಮಾವು ತಲುಪುವಷ್ಟರಲ್ಲಿ ಬಸ್ಸುಗಳು ಜೋಡಿಯಾಗಿರುತ್ತವೆ. ಇದಕ್ಕೆ ಯಾರ ತಪ್ಪೂ ಬೇಕಾಗಿಲ್ಲ.

ಹೇಗೆ ಅಂತ ನೋಡಿ. ಮೊದಲ ಬಸ್ಸು ನಾಗವಾರದ ಹತ್ತಿರ ಮೂರು ನಿಮಿಷ ಸಿಕ್ಕಿಹಾಕಿಕೊಂಡಿತು ಅಂತಿಟ್ಟುಕೊಳ್ಳಿ. ಹೆಣ್ಣೂರು ಕ್ರಾಸ್‌ನಲ್ಲಿ ಜನ ಬರುವುದು ನಿಲ್ಲುವುದಿಲ್ಲವಲ್ಲ, ಹತ್ತು ನಿಮಿಷಕ್ಕೆ ಸೇರಬೇಕಾದ ಜನದ ಜೊತೆಗೆ ಇನ್ನೂ ಮೂರು ನಿಮಿಷದ ಜನ ಸೇರಿಕೊಂಡರು. ಅವರೆಲ್ಲ ಹತ್ತಲು ಹೊತ್ತು ಹಿಡಿಯುತ್ತದೆ. ಅದಾದ ಮೇಲೆ ಕಂಡಕ್ಟರ್ ಸ್ಟೇಜ್, ಅಂದರೆ ಟಿಕೆಟ್ ದರ ಲೆಕ್ಕ ಹಾಕುವ ದೂರ, ಮುಗಿಯುವ ಮೊದಲು ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಬೇಕು, ಚೆಕಿಂಗ್‌ನವರು ಹತ್ತಿದರೆ ಕಂಡಕ್ಟರ್ ತಲೆಗೇ ಬರುತ್ತದೆ. ಹಾಗಾಗಿ ತುಂಬಿದ ಬಸ್ಸನ್ನು ಸ್ವಲ್ಪ ಮುಂದೆ ಸೈಡಿಗೆ ಹಾಕಿಸಿ ಟಿಕೆಟ್ ಹರಿಯುವುದನ್ನು ನೀವೂ ನೋಡಿರುತ್ತೀರಿ. ನಡುವೆ ಒಬ್ಬರು ಫೋನ್ ಹಿಡಿದು ಯುಪಿಐ ಚಕ್ರ ತಿರುಗುವುದನ್ನೇ ನೋಡುತ್ತಾ ನಿಂತಿರುತ್ತಾರೆ. ಹೀಗೆ ಮೂರು ನಿಮಿಷ ಇದ್ದದ್ದು ಐದಾಯಿತು, ಮುಂದಿನ ಸ್ಟಾಪಿನಲ್ಲಿ ಇನ್ನೂ ಜಾಸ್ತಿ ಜನ, ಐದು ಏಳಾಯಿತು. ಹಿಂದಿನ ಬಸ್ಸಿನ ಕಥೆ ಇದಕ್ಕೆ ಉಲ್ಟಾ. ಅದಕ್ಕೆ ಸಿಗಬೇಕಾದ ಜನರನ್ನು ಮುಂದಿನದು ಹತ್ತಿಸಿಕೊಂಡು ಹೋಗಿದೆ. ಸ್ಟಾಪಿನಲ್ಲಿ ನಿಲ್ಲುವ ಕೆಲಸ ಕಡಿಮೆ, ಸಲೀಸಾಗಿ ಓಡಿಬಂದು ಮುಂದಿನದರ ಬಾಲ ಹಿಡಿಯುತ್ತದೆ. ಒಮ್ಮೆ ಹಿಡಿದ ಮೇಲೆ ಎರಡೂ ಬಿಡಿಸಿಕೊಳ್ಳುವುದು ಕಷ್ಟ.

ಇದು ಬೆಂಗಳೂರಿನ ವಿಶೇಷವೂ ಅಲ್ಲ. 1964ರಲ್ಲೇ ನ್ಯೂವೆಲ್ ಮತ್ತು ಪಾಟ್ಸ್ ಎಂಬ ಇಬ್ಬರು ಸಂಶೋಧಕರು ಇದನ್ನು ಗಣಿತದಲ್ಲಿ ತೋರಿಸಿದ್ದರು. ಒಂದು ಬಸ್ಸಿಗೆ ಆದ ಸಣ್ಣ ತಡವೂ ಮುಂದೆ ಮುಂದೆ ಬೆಳೆಯುತ್ತಾ ಹೋಗುತ್ತದೆ, ತಾನಾಗಿ ಸರಿಹೋಗುವುದಿಲ್ಲ ಅಂತ. ನಮ್ಮ ಹೊರ ವರ್ತುಲ ರಸ್ತೆಯಲ್ಲಿ ಆ ಮೊದಲ ಮೂರು ನಿಮಿಷ ಕಳೆಯಲು ಕಾರಣ ಹುಡುಕಬೇಕಾಗಿಯೇ ಇಲ್ಲ. ಮೆಟ್ರೊ ನೀಲಿ ಮಾರ್ಗದ ಕಾಮಗಾರಿ, ಟಿನ್ ಫ್ಯಾಕ್ಟರಿ, ಸ್ಟಾಪಿನ ಜಾಗದಲ್ಲೇ ನಿಂತ ಆಟೋಗಳು, ಒಂದು ಕೆಟ್ಟುನಿಂತ ಲಾರಿ, ಯಾವುದಾದರೂ ಸಾಕು.

ಈಗ ಕಾಯುವ ಲೆಕ್ಕ. ಗಂಟೆಗೆ ಆರು ಬಸ್ಸು ಅಂತಿಟ್ಟುಕೊಳ್ಳಿ. ಸಮನಾಗಿ ಬಂದರೆ ಹತ್ತು ನಿಮಿಷಕ್ಕೊಂದು. ನೀವು ಯಾವಾಗ ಸ್ಟಾಪಿಗೆ ಹೋದರೂ ಸರಾಸರಿ ಐದು ನಿಮಿಷ ಕಾಯುತ್ತೀರಿ. ಅದೇ ಆರು ಎರಡೆರಡಾಗಿ ಬಂದರೆ ನಡುವೆ ಇಪ್ಪತ್ತು ನಿಮಿಷ ಖಾಲಿ, ಸರಾಸರಿ ಹತ್ತು ನಿಮಿಷ ಕಾಯಬೇಕು. ಮೂರು ಮೂರಾಗಿ ಬಂದರೆ ಹದಿನೈದು. ಬಸ್ಸು ಒಂದೂ ಕಡಿಮೆಯಾಗಿಲ್ಲ, ಡೀಸೆಲ್ ಅಷ್ಟೇ ಸುಟ್ಟಿದೆ, ಕಾಯುವುದು ಮಾತ್ರ ಮೂರು ಪಟ್ಟು. ಡಿಪೋದಲ್ಲಿ ಕೇಳಿದರೆ ಎಲ್ಲ ಟ್ರಿಪ್ಪೂ ಆಗಿದೆ ಅನ್ನುತ್ತಾರೆ, ಅದು ಸುಳ್ಳಲ್ಲ. ನಿಮ್ಮ ಸಿಟ್ಟೂ ಸುಳ್ಳಲ್ಲ. ಟ್ರಿಪ್ ಎಷ್ಟಾಯಿತು, ಎಷ್ಟು ಕಿಲೋಮೀಟರ್ ಓಡಿತು, ಕಲೆಕ್ಷನ್ ಎಷ್ಟು ಅಂತ ಲೆಕ್ಕ ಇಡುವಷ್ಟು ನಿಷ್ಠೆಯಿಂದ, ಒಂದು ಸ್ಟಾಪಿನಲ್ಲಿ ಎರಡು ಬಸ್ಸಿನ ನಡುವೆ ಎಷ್ಟು ಅಂತರ ಇತ್ತು ಅಂತ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಬಿಎಂಟಿಸಿಯ ದೊಡ್ಡ ಕೊರತೆ ಇದೇ. 6,000ಕ್ಕೂ ಹೆಚ್ಚು ಬಸ್ ಇರುವ ಸಂಸ್ಥೆ ಹೊಸ ಬಸ್ಸು ತರುವ ಬಗ್ಗೆಯೇ ಮಾತಾಡುತ್ತದೆ, ಇರುವ ಬಸ್ಸುಗಳ ನಡುವಿನ ಅಂತರ ಕಾಯುವ ಬಗ್ಗೆ ಮಾತು ಕಡಿಮೆ.

ಇಲ್ಲಿಂದಲೇ ನಿಮಗೆ ಒಂದು ಉಪಯೋಗ ಇದೆ. ತುಂಬಾ ಹೊತ್ತು ಕಾದ ಮೇಲೆ ಫುಟ್‌ಬೋರ್ಡಿನವರೆಗೂ ಜನ ನೇತಾಡುವ ಬಸ್ಸು ಬಂತು ಅಂದರೆ ಅದಕ್ಕೆ ನುಗ್ಗಬೇಡಿ. ಹಿಂದೆ ನೋಡಿ. ಒಂದೆರಡು ನಿಮಿಷದಲ್ಲಿ ಇನ್ನೊಂದು ಇರುವ ಸಾಧ್ಯತೆ ಹೆಚ್ಚು, ಅದರಲ್ಲಿ ಸೀಟೂ ಸಿಗಬಹುದು. ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲಿ ಆ ಖಾಲಿ ಬಸ್ಸೇ ಮುಂದೆ ಹೋಗಿರುವುದೂ ಉಂಟು. ಆದರೆ ಒಂದು ಎಚ್ಚರ: ತಡವಾದದ್ದು ಬಸ್ಸುಗಳು ಜೋಡಿಯಾಗಿ ಅಲ್ಲ, ನಡುವೆ ಒಂದೆರಡು ಟ್ರಿಪ್ಪೇ ಕಟ್ ಆಗಿ ಅಂತಾದರೆ ಹಿಂದೆ ಏನೂ ಇರುವುದಿಲ್ಲ. ರಸ್ತೆ ದೂರದವರೆಗೆ ಕಾಣುವ ಕಡೆ ನಿಂತಿದ್ದರೆ, ಅಥವಾ ಆಪ್ ಒಮ್ಮೆ ನೋಡಿದರೆ ಗೊತ್ತಾಗುತ್ತದೆ.

ಟ್ರಿಪ್ ಕಟ್ ಆಗುವುದು ಯಾಕೆ ಅಂದರೆ, ಬಸ್ಸು ಓಡುವುದು ಶೆಡ್ಯೂಲ್ ಮೇಲೆ. ಒಂದು ಶಿಫ್ಟಿನಲ್ಲಿ ಇಷ್ಟು ಟ್ರಿಪ್ ಅಂತ ಇರುತ್ತದೆ. ಬೆಳಿಗ್ಗೆ ಜಾಮ್‌ನಲ್ಲಿ ಒಂದು ಗಂಟೆ ಹೋದರೆ ಆ ಗಂಟೆ ಎಲ್ಲಿಂದಲಾದರೂ ವಾಪಸ್ ಬರಬೇಕು. ಡ್ರೈವರ್, ಕಂಡಕ್ಟರ್ ಇಬ್ಬರಿಗೂ ಡ್ಯೂಟಿ ಮುಗಿಯುವ ಹೊತ್ತು ಇದೆ, ಊಟ ಇದೆ, ಮನೆಗೆ ಹೋಗುವುದಿದೆ. ಕೊನೆಗೆ ಒಂದು ಟ್ರಿಪ್ ಬಿಡುತ್ತಾರೆ, ಇಲ್ಲವೇ ಅರ್ಧ ದಾರಿಯಿಂದ ಡಿಪೋ ಬೋರ್ಡ್ ಹಾಕಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ ಬಸ್ಸು ಕಡಿಮೆ ಅನ್ನಿಸುವುದಕ್ಕೂ ಇದೇ ಕಾರಣ. ಇದರ ಇನ್ನೊಂದು ಮುಖ ನಿಮಗೆ ಒಳ್ಳೆಯದು. ಬೆಳಗಿನ ಮೊದಲ ಟ್ರಿಪ್‌ಗಳು ಸಾಮಾನ್ಯವಾಗಿ ಕೈಕೊಡುವುದಿಲ್ಲ. ಬಸ್ಸು ಆಗಷ್ಟೇ ಡಿಪೋದಿಂದ ಬಂದಿರುತ್ತದೆ, ಹಿಂದಿನ ಟ್ರಿಪ್ಪಿನ ತಡ ಅನ್ನುವುದು ಅದಕ್ಕಿಲ್ಲ. ಹೊತ್ತು ಏರಿದಂತೆ ತಡದ ಮೇಲೆ ತಡ ಕೂಡುತ್ತಾ ಹೋಗುತ್ತದೆ. ಏಳು ಗಂಟೆಯ ಬಸ್ಸನ್ನು ನಂಬಬಹುದು, ಎಂಟೂವರೆಯದನ್ನು ನಂಬಲಾಗದು, ಸಂಜೆ ಏಳರದು ದೇವರಿಗೇ ಗೊತ್ತು.

ಇನ್ನು ಆಪ್. ನಮ್ಮ ಬಿಎಂಟಿಸಿ ಆಪ್‌ನಲ್ಲಿ ಕಾಣುವುದು ಬಸ್ಸಿನೊಳಗಿನ ಜಿಪಿಎಸ್ ಕಳಿಸುವ ಜಾಗ. ಆ ಜಾಗ ಬಹುಮಟ್ಟಿಗೆ ಸರಿ. ನಾಲ್ಕು ನಿಮಿಷ ಅನ್ನುವುದು ಮಾತ್ರ ಅಂದಾಜು. ದೂರ ಇಷ್ಟು, ವೇಗ ಇಷ್ಟು, ಹಾಗಾದರೆ ಹೊತ್ತು ಇಷ್ಟು. ಮುಂದಿನ ಜಂಕ್ಷನ್‌ನಲ್ಲಿ ಏನು ಕಾದಿದೆ ಅಂತ ಅದಕ್ಕೇನು ಗೊತ್ತು? ಇನ್ನೊಂದು ತೊಡಕೂ ಇದೆ. ಜಿಪಿಎಸ್ ಇರುವುದು ಬಸ್ಸಿಗೆ, ನಿಮಗೆ ಬೇಕಾದದ್ದು ರೂಟ್. ಇಂಥ ಗಾಡಿ ಇವತ್ತು ಇಂಥ ರೂಟಿನಲ್ಲಿ ಅಂತ ಯಾರೋ ಜೋಡಿಸಿರಬೇಕು. ಒಂದು ಗಾಡಿ ಕೆಟ್ಟು ಇನ್ನೊಂದನ್ನು ಕಳಿಸಿದಾಗ ಆ ಜೋಡಣೆ ಬದಲಾಗದಿದ್ದರೆ ಆಪ್‌ನಲ್ಲಿ ಬಸ್ಸು ಇರುತ್ತದೆ, ರಸ್ತೆಯಲ್ಲಿ ಇರುವುದಿಲ್ಲ. ರಸ್ತೆಯಲ್ಲಿ ಬಂದದ್ದು ಆಪ್‌ನಲ್ಲಿ ಇರುವುದಿಲ್ಲ. ಆದ್ದರಿಂದ ನಿಮಿಷ ನೋಡಬೇಡಿ, ಮ್ಯಾಪ್ ನೋಡಿ. ಬಸ್ಸು ಹೆಬ್ಬಾಳದಲ್ಲೇ ಇದೆಯಾ? ಹಾಗಾದರೆ ಅದು ಇನ್ನೂ ಲೆಕ್ಕಕ್ಕಿಲ್ಲ. ಕಲ್ಯಾಣನಗರ ದಾಟಿದೆಯಾ? ಎದ್ದು ಸ್ಟಾಪಿಗೆ ಹೊರಡಿ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಚುಕ್ಕೆ ಜರುಗಿದ್ದರೆ ಬಸ್ಸು ನಿಜ, ಅಲ್ಲೇ ಇದ್ದರೆ ಒಂದೋ ಜಾಮ್, ಒಂದೋ ಬರೀ ಚುಕ್ಕೆ.

ನಿಲ್ಲಿಸದೆ ಹೋಗುವ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ನಿಮಗೆ ಕೊಡುವ ಶೂನ್ಯ ದರದ ಟಿಕೆಟ್ ಸುಮ್ನೆ ಕಾಗದ ಅಲ್ಲ. ಆ ಟಿಕೆಟ್‌ಗಳ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ಅಂದರೆ ನೀವು ಹತ್ತಿದರೆ ಆ ಟ್ರಿಪ್ಪಿಗೆ ನಷ್ಟವೇನೂ ಇಲ್ಲ. ಹಾಗಿದ್ದೂ ಮುಖ ಸಿಂಡರಿಸುವವರು, ಬೇಕೆಂದೇ ಮುಂದೆ ಹೋಗುವವರು ಇದ್ದಾರೆ, ಇಲ್ಲವೆಂದರೆ ಯಾರೂ ನಂಬುವುದಿಲ್ಲ. ಆದರೆ ನಿಮ್ಮ ರಸ್ತೆಯಲ್ಲಿ ನಿಲ್ಲಿಸದೆ ಹೋಗುವುದಕ್ಕೆ ಹೆಚ್ಚಾಗಿ ಕಾಣುವ ಕಾರಣ ಬೇರೆ. ತಡವಾಗಿ ತುಂಬಿಬಂದ ಬಸ್ಸಿನ ಡ್ರೈವರ್ ಹಿಂದೆ ಇನ್ನೊಂದು ಬರುತ್ತಿದೆ ಅಂತ ಗೊತ್ತಿದ್ದರೆ ನಿಲ್ಲಿಸುವುದಿಲ್ಲ. ಕೇಳಲು ಕಿರಿಕಿರಿ ಅನ್ನಿಸಿದರೂ, ಜೋಡಿಯನ್ನು ಬಿಡಿಸಲು ಅವರ ಕೈಯಲ್ಲಿರುವ ಉಪಾಯ ಅದೊಂದೇ. ಇನ್ನೊಂದು, ಸರ್ವಿಸ್ ರೋಡ್. ಸ್ಟಾಪ್ ಇರುವುದು ಸರ್ವಿಸ್ ರೋಡಿನ ಪಕ್ಕ, ಬಸ್ಸು ಮೇನ್ ರೋಡಿನಲ್ಲೋ ಫ್ಲೈಓವರ್ ಮೇಲೋ ಹೋಗಿಬಿಡುತ್ತದೆ. ಸರ್ವಿಸ್ ರೋಡಿಗೆ ಇಳಿದರೆ ಮತ್ತೆ ಮೇನ್ ರೋಡಿಗೆ ಸೇರಲು ಐದು ನಿಮಿಷ ಒದ್ದಾಡಬೇಕು ಅಂತ ಅವರಿಗೆ ಗೊತ್ತು. ಇದು ತಪ್ಪು, ದೂರು ಕೊಡಬೇಕಾದ ತಪ್ಪು. ಅಲ್ಲಿಯವರೆಗೆ ನಿಮ್ಮ ಸ್ಟಾಪಿನಲ್ಲಿ ಬಸ್ಸುಗಳು ನಿಜವಾಗಿ ಎಲ್ಲಿ ನಿಲ್ಲುತ್ತವೆ ಅಂತ ನೋಡಿಕೊಳ್ಳಿ, ಶೆಲ್ಟರ್‌ನಿಂದ ಸ್ವಲ್ಪ ಹಿಂದೆ ಇದ್ದೀತು. ಅಲ್ಲಿ ನಿಂತು, ಬಸ್ಸು ದೂರದಲ್ಲಿರುವಾಗಲೇ ಕೈ ತೋರಿಸಿ. ಫೋನ್ ನೋಡುತ್ತಾ ಶೆಲ್ಟರ್ ಒಳಗೆ ಕೂತವರನ್ನು ಯಾವ ಡ್ರೈವರೂ ಪ್ರಯಾಣಿಕರು ಅಂದುಕೊಳ್ಳುವುದಿಲ್ಲ.

ಈಗ ಎಷ್ಟು ಹೊತ್ತಿಗೆ ಮನೆ ಬಿಡುವುದು. ಇಲ್ಲಿ ಎಲ್ಲರೂ ಸರಾಸರಿ ಹಿಡಿದು ಹೊರಡುತ್ತಾರೆ, ಹಾಗಾಗಿಯೇ ಸಿಕ್ಕಿಬೀಳುತ್ತಾರೆ. ಎರಡು ವಾರ, ಅಂದರೆ ಕೆಲಸದ ಹತ್ತು ದಿನ, ಮೂರೇ ಸಮಯ ಫೋನಿನಲ್ಲಿ ಬರೆದುಕೊಳ್ಳಿ: ಸ್ಟಾಪಿಗೆ ಬಂದದ್ದು, ಬಸ್ ಹತ್ತಿದ್ದು, ಬೆಳ್ಳಂದೂರಿನಲ್ಲಿ ಇಳಿದದ್ದು. ಆಮೇಲೆ ಹತ್ತರಲ್ಲಿ ಅತಿ ಕೆಟ್ಟ ದಿನವನ್ನು ಬಿಟ್ಟುಬಿಡಿ, ಅಂಥ ದಿನಕ್ಕೆ ಯಾರೂ ತಯಾರಾಗಲು ಆಗುವುದಿಲ್ಲ. ಎರಡನೇ ಕೆಟ್ಟ ದಿನ ಎಷ್ಟು ಹಿಡಿಯಿತೋ ಅದೇ ನಿಮ್ಮ ಪ್ರಯಾಣದ ಸಮಯ. ಉದಾಹರಣೆಗೆ ಸರಾಸರಿ 65 ನಿಮಿಷ ಬಂತು, ಎರಡನೇ ಕೆಟ್ಟದ್ದು 95 ಬಂತು ಅಂದುಕೊಳ್ಳಿ. ನೀವು 7:55ಕ್ಕೆ ಸ್ಟಾಪಿನಲ್ಲಿರಬೇಕು, 8:25ಕ್ಕಲ್ಲ. ಜೊತೆಗೆ ಇಳಿದ ಮೇಲೆ ಗೇಟಿನವರೆಗೆ ನಡೆಯುವ ಹೊತ್ತು.

ಅಂದರೆ ಹೆಚ್ಚಿನ ದಿನ ಅರ್ಧ ಗಂಟೆ ಮುಂಚೆ ತಲುಪುತ್ತೀರಿ, ಅಲ್ವಾ? ಹೌದು. ಬಸ್ಸಿನ ಅನಿಶ್ಚಿತತೆಗೆ ನಾವು ಕೊಡುವ ಬೆಲೆ ಆ ಅರ್ಧ ಗಂಟೆ. ತಡವಾದ ದಿನ ಮಾತ್ರ ಬಸ್ಸು ನಮ್ಮ ಸಮಯ ತಿನ್ನುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಸ್ಸು ಸರಿಯಾಗಿ ಬಂದ ದಿನವೂ ಅದು ತಿಂದೇ ಇರುತ್ತದೆ, ಏಕೆಂದರೆ ಕೆಟ್ಟ ದಿನಕ್ಕೆ ಅಂತ ನೀವು ಆಗಲೇ ಮುಂಚೆ ಹೊರಟಾಗಿದೆ. ಬೆಳಗಿನ ತಿಂಡಿ, ಮಗುವಿಗೆ ಜಡೆ ಹಾಕುವುದು, ಹತ್ತು ನಿಮಿಷ ಜಾಸ್ತಿ ನಿದ್ದೆ, ಎಲ್ಲ ಅದರಲ್ಲೇ ಹೋಯಿತು. ಬಸ್ಸಿನ ವೇಗ ಹೆಚ್ಚಿಸದೆ, ಬರೀ ಕ್ರಮವಾಗಿ ಬರುವಂತೆ ಮಾಡಿದರೂ ಈ ಅರ್ಧ ಗಂಟೆಯಲ್ಲಿ ದೊಡ್ಡ ಪಾಲು ವಾಪಸ್ ಬರುತ್ತದೆ. ನನಗೆ ವೇಗಕ್ಕಿಂತ ಕ್ರಮವೇ ದೊಡ್ಡದು ಅನ್ನಿಸುವುದು ಇದಕ್ಕೇ.

ಆ ಅರ್ಧ ಗಂಟೆ ಕಡಿಮೆ ಮಾಡಲು ನಿಮ್ಮ ಕೈಯಲ್ಲಿ ಕೆಲವು ದಾರಿ ಇವೆ. ಮೊದಲನೆಯದು, ಇನ್ನೂ ಸ್ವಲ್ಪ ಮುಂಚೆ ಹೊರಟು ನೋಡುವುದು. ಹುಚ್ಚು ಅನ್ನಿಸಬಹುದು. ಆದರೆ 7:55ರ ಬದಲು 7:25ಕ್ಕೆ ಹೊರಟರೆ ಟಿನ್ ಫ್ಯಾಕ್ಟರಿ, ಮಹದೇವಪುರ ಎರಡೂ ಗಂಟು ಬೀಳುವ ಮೊದಲೇ ದಾಟಬಹುದು. ಅರ್ಧ ಗಂಟೆ ಮುಂಚೆ ಹೊರಟವರು ಮುಕ್ಕಾಲು ಗಂಟೆ ಮುಂಚೆ ತಲುಪುವುದು ಈ ರಸ್ತೆಯಲ್ಲಿ ಅಪರೂಪವಲ್ಲ. ಆಫೀಸಿನಲ್ಲಿ ಬೇಗ ಬಂದು ಬೇಗ ಹೋಗಲು ಬಿಡುತ್ತಾರಾ ಅಂತ ಕೇಳಿ. ಬಿಟ್ಟರೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಸಂಜೆಯ ಕಾಟವೂ ತಪ್ಪುತ್ತದೆ.

ಎರಡನೆಯದು, 500-ಡಿಗೇ ಅಂಟಿಕೊಳ್ಳಬೇಡಿ. ಹೊರಮಾವಿನಿಂದ ಟಿನ್ ಫ್ಯಾಕ್ಟರಿ ಕಡೆಗೆ ಹೋಗುವ ಯಾವ ಬಸ್ ಬಂದರೂ ಹತ್ತಿ. ಅಲ್ಲಿಂದ ಮಾರತ್‌ಹಳ್ಳಿ ಕಡೆಗೆ ಹೋಗುವುದು ಯಾವುದು ಸಿಕ್ಕರೂ ಸರಿ. ಮಾರತ್‌ಹಳ್ಳಿಯಲ್ಲಿ ಐಟಿಪಿಎಲ್ ಕಡೆಯಿಂದ ಬನಶಂಕರಿಗೆ ಹೋಗುವ ಬಸ್ಸುಗಳೂ ಸೇರಿಕೊಳ್ಳುತ್ತವೆ, ಬೆಳ್ಳಂದೂರಿನ ಮುಂದೆಯೇ ಹೋಗುತ್ತವೆ. ಒಂದು ರೂಟಿನ ಬಸ್ಸು ಜೋಡಿಯಾಗಿ ಮಾಯವಾದರೂ ಮೂರು ನಾಲ್ಕು ರೂಟು ಒಟ್ಟಿಗೇ ಮಾಯವಾಗುವುದು ಕಡಿಮೆ. ಬದಲಾಯಿಸಿ ಹೋದರೆ ಟಿಕೆಟ್ ಖರ್ಚು ಅನ್ನುವ ಚಿಂತೆ ನಿಮಗಂತೂ ಇಲ್ಲ. ಈ ರಸ್ತೆಯಲ್ಲಿ ಶಕ್ತಿ ಯೋಜನೆಯ ದೊಡ್ಡ ಲಾಭ ಉಳಿಯುವ ದುಡ್ಡಿಗಿಂತ ಇದು, ಸಿಕ್ಕ ಬಸ್ ಹತ್ತುವ ಸ್ವಾತಂತ್ರ್ಯ. ಗಂಡಸರು ಇದೇ ಸ್ವಾತಂತ್ರ್ಯಕ್ಕೆ ಪಾಸ್ ಮಾಡಿಸಬೇಕು. 2025ರ ಜನವರಿಯಲ್ಲಿ ದರ ಏರಿದ ಮೇಲೆ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 1,200 ರೂಪಾಯಿ, ದಿನದ ಪಾಸ್ 80. ಪಾಸ್ ಇಲ್ಲದವರು ಹತ್ತಿದ ಬಸ್ಸಿಗೆಲ್ಲ ಹೊಸ ಟಿಕೆಟ್ ತೆಗೆಯಬೇಕು, ಹಾಗಾಗಿ ಅವರು ನೇರ ಬಸ್ಸಿಗೇ ಕಾಯುತ್ತಾ ನಿಲ್ಲುತ್ತಾರೆ.

ಮೂರನೆಯದು ವಜ್ರ. ಎಸಿ ಬಸ್ಸಿಗೆ ಶಕ್ತಿ ಅನ್ವಯಿಸುವುದಿಲ್ಲ, ದುಡ್ಡು ಕೊಡಬೇಕು. ಆದರೂ ತಿಂಗಳಿಗೆ ನಾಲ್ಕೈದು ಸಲದ ವಜ್ರ ಟಿಕೆಟಿಗೆ ಅಂತ ಮನಸ್ಸಿನಲ್ಲೇ ಒಂದು ಮೊತ್ತ ಎತ್ತಿಟ್ಟುಬಿಡಿ. ಇಪ್ಪತ್ತು ನಿಮಿಷ ಕಾದ ಮೇಲೆ ವಜ್ರ ಬಂದರೆ ಯೋಚನೆ ಮಾಡದೆ ಹತ್ತಿ. ಸಾಮಾನ್ಯ ಬಸ್ಸು ಹಿಂದೆಯೇ ಇದ್ದೀತು ಅಂತ ಬಿಟ್ಟು, ಆಮೇಲೆ ಆಟೋಗೆ ಅದರ ಐದು ಪಟ್ಟು ಕೊಡುವುದು ನಮ್ಮೆಲ್ಲರ ಚಟ.

ವ್ಯವಸ್ಥೆ ಏನು ಮಾಡಬಹುದು ಅಂತ ನೀವು ಕೇಳಿಲ್ಲ, ಆದರೂ ಎರಡು ಮಾತು. ದಾರಿ ನಡುವೆ ಎರಡು ಮೂರು ಕಡೆ ನಿಯಂತ್ರಕರು ನಿಂತು, ಬೇಗ ಬಂದ ಬಸ್ಸನ್ನು ಒಂದೆರಡು ನಿಮಿಷ ತಡೆದು ಬಿಟ್ಟರೆ ಜೋಡಿ ಬಿಚ್ಚುತ್ತದೆ. ಆಗ ಒಳಗಿರುವವರೆಲ್ಲ ಯಾಕ್ರೀ ನಿಲ್ಲಿಸಿದ್ದೀರಿ ಅಂತ ಡ್ರೈವರ್ ಮೇಲೆ ಮುಗಿಬೀಳುತ್ತೇವೆ, ಅದೂ ನಿಜ. ಎರಡನೆಯದು ಬಸ್ ಲೇನ್. 2019ರಲ್ಲಿ ಇದೇ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿ ಕಡೆಗೆ ಕಂಬ ನೆಟ್ಟು ಬಸ್ಸಿಗೇ ಒಂದು ಪಥ ಬಿಟ್ಟಿದ್ದರು. ಕೊರೋನಾ ಬಂತು, ಮೆಟ್ರೊ ಕೆಲಸ ಬಂತು, ಪಥ ಹೋಯಿತು. ಮೆಟ್ರೊ ಮುಗಿದ ಮೇಲೆ ಅದನ್ನು ವಾಪಸ್ ಕೇಳದಿದ್ದರೆ ಆ ಜಾಗ ಕಾರುಗಳಿಗೇ ಖಾಯಂ.

ದೂರು ಕೊಡುವುದಾದರೆ ಸರ್ವಿಸ್ ಸರಿಯಿಲ್ಲ ಅಂತ ಬರೆಯಬೇಡಿ, ಅದು ಯಾರ ಟೇಬಲ್ಲಿಗೂ ಹೋಗುವುದಿಲ್ಲ. ತಾರೀಕು, ಸ್ಟಾಪು, ಯಾವ ಕಡೆಗೆ ಹೋಗುವ ಬಸ್ಸು, 8:10ರಿಂದ 8:45ರವರೆಗೆ 500-ಡಿ ಒಂದೂ ಇರಲಿಲ್ಲ, ಆಮೇಲೆ ಮೂರು ಒಟ್ಟಿಗೆ ಬಂದವು ಅಂತ ಬರೆಯಿರಿ. ನಿಲ್ಲಿಸದೆ ಹೋದರೆ ಗಾಡಿಯ ನಂಬರ್ ಹಾಕಿ. ಆ ಹತ್ತು ದಿನದ ಟಿಪ್ಪಣಿ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಅದೇ ಸ್ಟಾಪಿನ ಇನ್ನಿಬ್ಬರು ಅದೇ ಹೊತ್ತಿನ ದೂರು ಕೊಟ್ಟರೆ ಶೆಡ್ಯೂಲ್ ಮಾಡುವವರಿಗೆ ಕೈಗೆ ಸಿಗುವಂಥದ್ದು ಏನೋ ಸಿಕ್ಕಿತು.

ಸಂಜೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಬೆಳ್ಳಂದೂರಿನಿಂದ ವಾಪಸ್ ಬರುವುದು ಇನ್ನೂ ಕಷ್ಟ ಇರಬೇಕು. ಅಲ್ಲಿ ಒಂದು ವಿಷಯ ನೆನಪಿಡಿ. ನೀವು ಸಂಜೆ ಕಾಯುವ ಹೆಬ್ಬಾಳದ ಬಸ್ಸು ಬರುವುದು ಸಿಲ್ಕ್ ಬೋರ್ಡ್‌ನಿಂದ, ಅದು ಸಿಲ್ಕ್ ಬೋರ್ಡ್‌ಗೆ ಹೋಗಿದ್ದು ನಿಮ್ಮ ಎದುರಿನ ರಸ್ತೆಯಲ್ಲೇ. ಐದು ಗಂಟೆಗೆ ಕಿಟಕಿಯಿಂದ ನೋಡಿದಾಗ ಎದುರು ದಿಕ್ಕಿನ ರಸ್ತೆ ನಿಂತಿದ್ದರೆ, ನಿಮ್ಮ ಕಡೆ ರಸ್ತೆ ಖಾಲಿ ಇದ್ದರೂ ಆರು ಗಂಟೆಗೆ ಬಸ್ಸಿಗೆ ಬರ ಬರುತ್ತದೆ. ಮಳೆ ಬಂದರಂತೂ ಲೆಕ್ಕವೇ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಆ ಭಾಗ ಮುಳುಗಿದ್ದು ಎಲ್ಲರಿಗೂ ಗೊತ್ತು, ಅಷ್ಟು ಮಳೆ ಬೇಕಾಗಿಲ್ಲ, ಅರ್ಧ ಗಂಟೆ ಜೋರಾಗಿ ಸುರಿದರೆ ಸಾಕು. ನಾಲ್ಕು ಗಂಟೆಗೆ ಮೋಡ ಕಟ್ಟಿ, ಬೇಗ ಹೊರಡಲು ಬಿಟ್ಟರೆ ತಕ್ಷಣ ಹೊರಡಿ. ಬಿಡದಿದ್ದರೆ ಐದೂವರೆ, ಆರಕ್ಕೆ ಹೊರಟು ಸ್ಟಾಪಿನಲ್ಲಿ ನೆನೆಯುವುದು ಬೇಡ, ಆಫೀಸಿನಲ್ಲೇ ಏನಾದರೂ ತಿಂದು ಏಳೂವರೆ ದಾಟಿದ ಮೇಲೆ, ಮ್ಯಾಪಿನಲ್ಲಿ ಬಸ್ಸು ಸಿಲ್ಕ್ ಬೋರ್ಡ್ ಬಿಟ್ಟದ್ದು ನೋಡಿಕೊಂಡು ಇಳಿದುಬನ್ನಿ.